ಕಾದಂಬರಿಯಿಂದ ಹೆಕ್ಕಿದ ಪದ ಆಫೀಸಿನ ಮೇಲ್‌ನಲ್ಲಿ ಯಾಕೆ ಎಡವಿತು?

ಪ್ರಶ್ನೆ: ಮೇಡಂ, ನಾನು ಹಾವೇರಿ ಜಿಲ್ಲೆಯವಳು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿ.ಕಾಂ. ಈಗ ಬೆಂಗಳೂರಿನಲ್ಲಿ, ಬ್ರಿಟನ್ನಿನ ಗ್ರಾಹಕರ ಲೆಕ್ಕಪತ್ರ ನೋಡಿಕೊಳ್ಳುವ ಕಂಪನಿಯೊಂದರಲ್ಲಿ ಕೆಲಸ. ದಿನದ ವ್ಯವಹಾರಕ್ಕೆ ಸಾಕಾಗುವಷ್ಟು ಇಂಗ್ಲಿಷ್ ಬರುತ್ತದೆ. ಆದರೆ ಮೀಟಿಂಗಿನಲ್ಲಿ ನನ್ನ ಬಾಯಿಂದ ಹೊರಡುವುದು ಅದೇ ಗುಡ್, ಬ್ಯಾಡ್, ವೆರಿ ನೈಸ್. ಇನ್ನು ಆರು ತಿಂಗಳಲ್ಲಿ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆಯಬೇಕೆಂದಿದ್ದೇನೆ. ಒಳ್ಳೆಯ ಕಾದಂಬರಿ ಓದಿದರೆ ಪದಸಂಪತ್ತು ತಾನಾಗಿಯೇ ಬೆಳೆಯುತ್ತದೆ ಎಂದು ಕಾಲೇಜಿನಲ್ಲಿ ಹೇಳುತ್ತಿದ್ದರು. ಹಾಗಾಗಿ ಜೇನ್ ಆಸ್ಟೆನ್ ಬರೆದ ‘ಪ್ರೈಡ್ ಅಂಡ್ ಪ್ರಿಜುಡಿಸ್’ ಕೈಗೆತ್ತಿಕೊಂಡೆ. ಪುಟಕ್ಕೆ ಹದಿನೈದಿಪ್ಪತ್ತು ಪದ ಗೊತ್ತಿರುವುದಿಲ್ಲ. ಪ್ರತಿಯೊಂದಕ್ಕೂ ನಿಘಂಟು ನೋಡಿ, ಎದುರಿಗೆ ಕನ್ನಡ ಅರ್ಥ ಬರೆದಿಟ್ಟಿದ್ದೇನೆ. 14ನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ನೋಟ್‌ಬುಕ್ಕಿನಲ್ಲಿ ಪದಗಳ ಸಂಖ್ಯೆ ಸಾವಿರ ದಾಟಿದೆ, ನೆನಪಿರುವುದು ಬೆರಳೆಣಿಕೆಯಷ್ಟು. ಕಳೆದ ವಾರ ಲಂಡನ್ನಿನ ಮ್ಯಾನೇಜರ್ ನನಗೊಂದು ಸಹಾಯ ಮಾಡಿದರು. ‘ಥ್ಯಾಂಕ್ ಯು ಫಾರ್ ಯುವರ್ ಕಾಂಡಿಸೆನ್ಷನ್’ ಎಂದು ಮೇಲ್ ಹಾಕಿದೆ. ನೋಟ್‌ಬುಕ್ಕಿನಲ್ಲಿ ‘ಸೌಜನ್ಯ, ಕೃಪೆ’ ಎಂದು ಬರೆದುಕೊಂಡಿದ್ದೆ. ‘ನಿಮಗೆ ಹಾಗನ್ನಿಸಿದ್ದರೆ ಕ್ಷಮಿಸಿ’ ಎಂದು ಅವರಿಂದ ಉತ್ತರ ಬಂತು. ಪಕ್ಕದ ಸೀಟಿನವರು ನಕ್ಕಿದ್ದು ಇನ್ನೂ ಮುಗಿದಿಲ್ಲ. ಗೆಳತಿಯೊಬ್ಬಳು ಮೂರು ಸಾವಿರ ಪದಗಳ ಪಟ್ಟಿ ಕೊಟ್ಟು, ಕಾದಂಬರಿ ಬಿಡು, ಇದನ್ನು ಬಾಯಿಪಾಠ ಮಾಡು ಅನ್ನುತ್ತಿದ್ದಾಳೆ. ಕಾದಂಬರಿಯ ದಾರಿ ತಪ್ಪೇ? ಪಟ್ಟಿಯೇ ಸರಿಯೇ? ಅಥವಾ ಕನ್ನಡ ಮಾಧ್ಯಮದವರಿಗೆ ಈ ಮಟ್ಟದ ಪದಗಳು ಒಗ್ಗುವುದೇ ಇಲ್ಲವೇ?

ಉತ್ತರ: ಪ್ರಶ್ನೆ ಮೂರು ಕೇಳಿದ್ದೀರಿ, ಒಳಗಿನ ಅಳುಕು ಒಂದೇ. ಇಷ್ಟು ದಿನ ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತೇ ಎಂಬುದು. ಹಾಗೇನೂ ಆಗಿಲ್ಲ. ಆದರೆ ನೋಟ್‌ಬುಕ್ ತುಂಬಿಸುವ ಕ್ರಮವನ್ನು ಬದಲಿಸಬೇಕು. ಯಾಕೆ ಅನ್ನುವುದಕ್ಕೆ ನಿಮ್ಮ ಆ ಮೇಲ್ ಸಾಕು, ಅಲ್ಲಿಂದಲೇ ಶುರುಮಾಡೋಣ.

ನೀವು ಬರೆದುಕೊಂಡ ಅರ್ಥ ಪೂರ್ತಿ ತಪ್ಪಲ್ಲ, ಹಳೆಯದು. ಆಸ್ಟೆನ್ ಕಾದಂಬರಿ ಅಚ್ಚಾದದ್ದು 1813ರಲ್ಲಿ. ಸಮಾಜದಲ್ಲಿ ಮೇಲಿನವರು, ಕೆಳಗಿನವರು ಎಂಬ ಶ್ರೇಣಿಯನ್ನು ಯಾರೂ ಪ್ರಶ್ನಿಸದೆ ಒಪ್ಪಿಕೊಂಡಿದ್ದ ಕಾಲ ಅದು. ದೊಡ್ಡ ಮನೆತನದವರು ತಮ್ಮ ಅಂತಸ್ತು ಬದಿಗಿಟ್ಟು ಸಣ್ಣವರೊಡನೆ ಸಲಿಗೆಯಿಂದ ಮಾತಾಡಿದರೆ ಅದು ಕಾಂಡಿಸೆನ್ಷನ್, ಅದೊಂದು ದೊಡ್ಡ ಗುಣ. ಆ ಶ್ರೇಣಿ ಸಡಿಲವಾಗುತ್ತ ಬಂದ ಮೇಲೆ ಅದೇ ನಡವಳಿಕೆಗೆ ಬೇರೆ ವಾಸನೆ ಬಂತು. ‘ನಾನು ಮೇಲಿನವನು, ಆದರೂ ನಿನ್ನ ಮಟ್ಟಕ್ಕೆ ಇಳಿದು ಬಂದಿದ್ದೇನೆ ನೋಡು’ ಎಂಬ ಧೋರಣೆಯನ್ನು ಇವತ್ತು ಯಾರು ಮೆಚ್ಚುತ್ತಾರೆ? ಹಾಗಾಗಿ ಇಂದಿನ ಇಂಗ್ಲಿಷ್‌ನಲ್ಲಿ ಈ ಪದ ಒಂದು ದೂರು. ನಿಮ್ಮ ಮ್ಯಾನೇಜರ್ ಓದಿದ್ದು ‘ನನ್ನನ್ನು ಕೀಳಾಗಿ ಕಂಡದ್ದಕ್ಕೆ ಧನ್ಯವಾದ’ ಎಂದು. ಅವರಿಗೆ ಒಂದು ಸಾಲು ಬರೆದು, ‘ಕೈಂಡ್‌ನೆಸ್’ ಅನ್ನಬೇಕೆಂದಿದ್ದೆ ಎಂದು ಹೇಳಿಬಿಡಿ. ಹಳೆಯ ಕಾದಂಬರಿ ಓದುತ್ತಿದ್ದೇನೆ ಎಂದೂ ಸೇರಿಸಿ. ಇಂಗ್ಲಿಷರಿಗೆ ಇಂಥ ತಪ್ಪು ಹೊಸದಲ್ಲ, ಕಾರಣ ಗೊತ್ತಾದರೆ ಅವರೂ ನಕ್ಕು ಸುಮ್ಮನಾಗುತ್ತಾರೆ.

ಆದರೆ ಇದರಲ್ಲಿ ಇನ್ನೊಂದು ವಿಷಯವಿದೆ, ನನ್ನ ಮಟ್ಟಿಗೆ ಅದೇ ಮುಖ್ಯ. ಈ ಪದವನ್ನು ಹುಷಾರಾಗಿ ಮುಟ್ಟು ಎಂದು ಕಾದಂಬರಿಯೇ ನಿಮಗೆ ಹೇಳಿತ್ತು. 14ನೇ ಅಧ್ಯಾಯ ತೆರೆಯಿರಿ. ಆ ಮಾತು ಯಾರ ಬಾಯಲ್ಲಿದೆ? ಪಾದ್ರಿ ಕಾಲಿನ್ಸ್ ಬಾಯಲ್ಲಿ. ತನಗೆ ಹುದ್ದೆ ಕೊಟ್ಟ ಲೇಡಿ ಕ್ಯಾಥರೀನ್‌ಳನ್ನು ಆತ ಊಟದ ನಂತರ ಕೂತು ಹೊಗಳುತ್ತಾನೆ. ಎರಡು ಸಲ ಊಟಕ್ಕೆ ಕರೆದಿದ್ದಳು, ಇಸ್ಪೀಟಾಟಕ್ಕೆ ಕೈ ಕಡಿಮೆ ಬಿದ್ದಾಗ ಹೇಳಿಕಳಿಸಿದ್ದಳು, ತನ್ನ ಮನೆಗೆ ಬಂದು ಮಹಡಿಯ ಕಪಾಟಿಗೆ ಹಲಗೆ ಹೊಡೆಸುವ ಸಲಹೆಯನ್ನೂ ಕೊಟ್ಟಳು ಎಂದು ಪುಳಕಗೊಳ್ಳುತ್ತಾನೆ. ಮನೆಯ ಯಜಮಾನ ಬೆನೆಟ್ ಒಳಗೊಳಗೇ ನಗುತ್ತ, ಇನ್ನಷ್ಟು ಹೇಳಲಿ ಎಂದು ಎಳೆದೆಳೆದು ಕೇಳುತ್ತಾನೆ. ಅಂದರೆ ಆಸ್ಟೆನ್ ಆ ಪದವನ್ನು ಇಟ್ಟಿರುವುದು ಒಬ್ಬ ಭಟ್ಟಂಗಿಯ ನಾಲಿಗೆಯ ಮೇಲೆ. ಆಗಿನ ಕಾಲಕ್ಕೆ ಅದು ಹೊಗಳಿಕೆಯೇ ಆಗಿದ್ದರೂ, ಕಾಲಿನ್ಸ್ ಬಳಸಿದಾಗ ಓದುಗರಿಗೆ ನಗು ಬರಬೇಕು ಎಂಬುದು ಆಕೆಯ ಲೆಕ್ಕಾಚಾರ. ನೋಟ್‌ಬುಕ್ಕಿನಲ್ಲಿ ‘ಸೌಜನ್ಯ, ಕೃಪೆ’ ಎಂದು ಬರೆಯುವ ಬದಲು ‘ಕಾಲಿನ್ಸ್, ತನ್ನ ಒಡತಿಯನ್ನು ಹೊಗಳುವಾಗ, ಕೇಳುವವರು ನಗುತ್ತಿದ್ದಾರೆ’ ಎಂದು ಬರೆದಿದ್ದರೆ ಆ ಪದವನ್ನು ಮ್ಯಾನೇಜರಿಗೆ ಕಳಿಸುವ ಮುಂಚೆ ನಿಮ್ಮ ಕೈ ತಡೆಯುತ್ತಿತ್ತು.

ಕಾದಂಬರಿ ಕಲಿಸುವುದು ಇದನ್ನೇ. ಒಂದು ಪದವನ್ನು ಯಾರು, ಯಾರಿಗೆ, ಯಾವ ದನಿಯಲ್ಲಿ ಹೇಳುತ್ತಾರೆ ಅನ್ನುವುದನ್ನು. ನಿಘಂಟಿನಲ್ಲಿ ಇದು ಅರೆಬರೆ ಸಿಗುತ್ತದೆ, ಪದಪಟ್ಟಿಯಲ್ಲಿ ಸಿಗುವುದೇ ಇಲ್ಲ. ನೀವು ಕಾದಂಬರಿಯಿಂದ ಪದವನ್ನು ಮಾತ್ರ ಕಿತ್ತುಕೊಂಡು ಈ ಭಾಗವನ್ನು ಪುಟದಲ್ಲೇ ಬಿಟ್ಟಿದ್ದೀರಿ.

ಈಗ ನಿಮ್ಮ ಕಾಲೇಜಿನವರ ಮಾತಿಗೆ ಬರೋಣ. ಓದುತ್ತಾ ಹೋದರೆ ಪದಗಳು ತಾವಾಗಿಯೇ ಅಂಟಿಕೊಳ್ಳುತ್ತವೆ ಎಂಬ ನಂಬಿಕೆ ಅರ್ಧ ನಿಜ, ಅರ್ಧ ಕಥೆ. ನಿಜ ಯಾವುದೆಂದರೆ: 1978ರಲ್ಲಿ ಆಂಥನಿ ಬರ್ಜೆಸ್‌ನ ‘ಎ ಕ್ಲಾಕ್‌ವರ್ಕ್ ಆರೆಂಜ್’ ಇಟ್ಟುಕೊಂಡು ಒಂದು ಪ್ರಯೋಗ ನಡೆಯಿತು. ಆ ಕಾದಂಬರಿಯ ಹುಡುಗರು ರಷ್ಯನ್ ಬೇರಿನ ಒಂದು ಕಟ್ಟುಭಾಷೆ ಆಡುತ್ತಾರೆ, ಓದುಗರಿಗೆ ಆ ಪದಗಳು ಮೊದಲೇ ಗೊತ್ತಿರುವ ಸಂಭವವೇ ಇಲ್ಲ. ಇಂಗ್ಲಿಷ್ ಮಾತೃಭಾಷೆಯ ದೊಡ್ಡವರಿಗೆ ಪುಸ್ತಕ ಓದಲು ಕೊಟ್ಟು, ಆಮೇಲೆ ಹೇಳದೇ ಕೇಳದೇ ಪರೀಕ್ಷೆ ಮಾಡಿದರೆ ಕೇಳಿದ ಪದಗಳಲ್ಲಿ ಸರಾಸರಿ ಮುಕ್ಕಾಲು ಪಾಲಿಗೆ ಸರಿಯುತ್ತರ ಬಂತು. ಓದಿನಿಂದ ಪದ ಬರುತ್ತದೆ ಎನ್ನುವವರು ಇವತ್ತಿಗೂ ಇದನ್ನೇ ಎತ್ತಿ ತೋರಿಸುತ್ತಾರೆ.

ಅವರು ಹೇಳದೆ ಬಿಡುವ ಭಾಗ ಇನ್ನೊಂದಿದೆ. ಓಮನ್ನಿನ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿಯುತ್ತಿದ್ದವರಿಗೆ ಥಾಮಸ್ ಹಾರ್ಡಿಯ ‘ದ ಮೇಯರ್ ಆಫ್ ಕ್ಯಾಸ್ಟರ್‌ಬ್ರಿಜ್’ನ ಸರಳ ರೂಪವನ್ನು ಓದಿಸಿದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಇಡೀ ಪುಸ್ತಕ ಮುಗಿದ ಮೇಲೆ ಅವರು ಗಳಿಸಿದ್ದು ಸರಾಸರಿ ಐದು ಹೊಸ ಪದ. 2003ರ ಜಪಾನಿನ ಅಧ್ಯಯನ ಇನ್ನೂ ಕಠಿಣ ಸತ್ಯ ಹೇಳಿತು: ಸರಳ ಕಥಾಪುಸ್ತಕವೊಂದರಲ್ಲಿ ಬಂದ 25 ಪದಗಳ ಪೈಕಿ, ಮೂರು ತಿಂಗಳ ನಂತರ ಅರ್ಥ ಹೇಳಲು ಆದದ್ದು ಸರಾಸರಿ ಒಂದಕ್ಕೆ. ನಿಮ್ಮ ನೆನಪಿನಲ್ಲಿ ಬೆರಳೆಣಿಕೆಯಷ್ಟು ಉಳಿದಿದ್ದರೆ ಅದಕ್ಕೆ ನಿಮ್ಮ ತಲೆಯನ್ನು ಬಯ್ಯಬೇಡಿ.

ಈ ವ್ಯತ್ಯಾಸ ಯಾಕೆ? ಬರ್ಜೆಸ್‌ನ ಕಟ್ಟುಪದಗಳು ಪುಟಪುಟಕ್ಕೂ ಮತ್ತೆ ಮತ್ತೆ ಬರುತ್ತವೆ, ಓದುವವರಿಗೆ ಸುತ್ತಲಿನ ಉಳಿದ ಇಂಗ್ಲಿಷ್ ಕರತಲಾಮಲಕ. ನಮಗೆ ಇವೆರಡೂ ಇಲ್ಲ. ಯಾವ ಕಾದಂಬರಿಯನ್ನೇ ತೆಗೆದುಕೊಳ್ಳಿ, ಅದರಲ್ಲಿ ಬರುವ ಬೇರೆ ಬೇರೆ ಪದಗಳ ಪಟ್ಟಿ ಮಾಡಿದರೆ ಹೆಚ್ಚುಕಡಿಮೆ ಅರ್ಧ ಪದಗಳು ಇಡೀ ಪುಸ್ತಕದಲ್ಲಿ ಒಂದೇ ಸಲ ಮುಖ ತೋರಿಸಿ ಹೋಗಿರುತ್ತವೆ. ನಾವು ‘ದೊಡ್ಡ ಪದ’ ಎಂದು ಕರೆಯುವುದೆಲ್ಲ ಬಹುಪಾಲು ಆ ಅರ್ಧದಲ್ಲೇ ಇರುತ್ತದೆ. ಒಂದು ಪದ ಮನಸ್ಸಿನಲ್ಲಿ ನೆಲೆಯೂರಲು ಹತ್ತರ ಆಸುಪಾಸು ಭೇಟಿಯಾದರೂ ಬೇಕು ಎಂದು ಈ ಕ್ಷೇತ್ರದವರು ಅಂದಾಜಿಸುತ್ತಾರೆ. ಹತ್ತು ಸಲ ಕಾಣಬೇಕಾದ್ದನ್ನು ಪುಸ್ತಕ ಒಂದೇ ಸಲ ತೋರಿಸಿದರೆ ಉಳಿದ ಒಂಬತ್ತನ್ನು ನಾವೇ ಒದಗಿಸಿಕೊಳ್ಳಬೇಕು.

ಎರಡನೆಯದು ಪುಟದ ಕಷ್ಟ. ನ್ಯೂಜಿಲೆಂಡಿನ ಭಾಷಾತಜ್ಞ ಪಾಲ್ ನೇಶನ್ ಲೆಕ್ಕದ ಪ್ರಕಾರ ಇನ್ನೊಬ್ಬರ ನೆರವಿಲ್ಲದೆ ಕಾದಂಬರಿ ಓದಿ ಅರ್ಥಮಾಡಿಕೊಳ್ಳಬೇಕಾದರೆ ಅದರಲ್ಲಿನ ನೂರಕ್ಕೆ 98 ಪದಗಳು ಗೊತ್ತಿರಬೇಕು. ಅದಕ್ಕೆ 8,000ದಿಂದ 9,000 ಪದಕುಟುಂಬಗಳ (ಒಂದು ಮೂಲಪದ, ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಕುಟುಂಬ) ಪರಿಚಯ ಬೇಕಾಗುತ್ತದೆ. ಮುನ್ನೂರು ಪದಗಳ ಪುಟವೆಂದರೆ ಗೊತ್ತಿಲ್ಲದ್ದು ಆರು ಮೀರಬಾರದು. ನಿಮಗೆ ಹದಿನೈದಿಪ್ಪತ್ತು ಸಿಗುತ್ತಿದೆ. ನೂರಕ್ಕೆ 95 ಗೊತ್ತಿದೆ ಎಂದರೆ ಕೇಳಲು ಚೆನ್ನಾಗಿದೆ, ಓದಲು ಮಾತ್ರ ಪ್ರಾಣ ಹೋಗುತ್ತದೆ, ಎರಡು ಸಾಲಿಗೊಮ್ಮೆ ನಿಲ್ಲಬೇಕು. ಮುಂದೆ ಯಾವ ಪುಸ್ತಕ ಕೊಳ್ಳುವ ಮುಂಚೆಯೂ ನಡುವಿನ ಒಂದು ಪುಟ ತೆರೆದು ಗೊತ್ತಿಲ್ಲದ ಪದ ಎಣಿಸಿ ನೋಡಿ. ಅಂಗಡಿಯಲ್ಲೇ ನಿಂತು ಮಾಡಬಹುದಾದ ಕೆಲಸ ಇದು.

‘ನಿಘಂಟು ಬೇಡ, ಸಂದರ್ಭದಿಂದ ಊಹಿಸಿ’ ಎಂಬ ಸಲಹೆಯನ್ನೂ ನೀವು ಕೇಳಿರುತ್ತೀರಿ. ಸಂದರ್ಭ ಕೈ ಹಿಡಿಯುವುದೂ ಉಂಟು, ಕೈ ಕೊಡುವುದೂ ಉಂಟು. ಇದೇ ಕಾದಂಬರಿಯ ಮೊದಲ ವಾಕ್ಯ ನೋಡಿ. ಆಸ್ತಿವಂತ ಒಂಟಿ ಗಂಡಸಿಗೆ ಹೆಂಡತಿಯ ‘ವಾಂಟ್’ ಇದ್ದೇ ಇರುತ್ತದೆಂಬುದು ಲೋಕವೊಪ್ಪಿದ ಸತ್ಯ, ಎನ್ನುತ್ತದೆ ಅದು. ನಾವು ಓದುವುದು ‘ಹೆಂಡತಿ ಬೇಕೆಂಬ ಆಸೆ’ ಎಂದು. ಅಲ್ಲಿರುವ ಅರ್ಥ ‘ಕೊರತೆ’. ಆತನಿಗೆ ಆಸೆ ಇದೆಯೋ ಇಲ್ಲವೋ, ಊರಿನ ತಾಯಂದಿರ ಕಣ್ಣಿಗೆ ಅವನಲ್ಲಿ ಕಾಣುವುದು ಒಂದು ಕೊರತೆ, ಅದನ್ನು ತುಂಬಿಸಲು ಅವರ ಮನೆಯಲ್ಲಿ ಹೆಣ್ಣುಮಕ್ಕಳಿದ್ದಾರೆ. ವ್ಯಂಗ್ಯ ಇರುವುದೇ ಅಲ್ಲಿ. ತಪ್ಪು ಅರ್ಥ ಹಚ್ಚಿದರೂ ವಾಕ್ಯ ಸಲೀಸಾಗಿ ಸಾಗುವುದರಿಂದ ನೀವು ತಪ್ಪಿದ್ದೀರೆಂದು ನಿಮಗೆ ಗೊತ್ತಾಗುವುದೇ ಇಲ್ಲ. ಇಂಥ ಕಡೆ ಊಹೆ ಅಪಾಯಕಾರಿ.

ಸಂದರ್ಭವೇ ಮೇಷ್ಟರಾಗುವ ಜಾಗಗಳೂ ಇವೆ. ನಾಲ್ಕನೇ ಅಧ್ಯಾಯದಲ್ಲಿ ಕಥಾನಾಯಕಿ ಎಲಿಜಬೆತ್ ತನ್ನ ಅಕ್ಕ ಜೇನ್‌ಳ ‘ಕ್ಯಾಂಡರ್’ ಬಗ್ಗೆ ಮಾತಾಡುತ್ತಾಳೆ. ಎಲ್ಲರಲ್ಲೂ ಒಳ್ಳೆಯದನ್ನೇ ಹುಡುಕಿ, ಅದನ್ನು ಇನ್ನಷ್ಟು ಹಿರಿದು ಮಾಡಿ, ಕೆಟ್ಟದ್ದರ ಸುದ್ದಿಗೇ ಹೋಗದಿರುವುದು ನಿನ್ನೊಬ್ಬಳಿಗೇ ಸಾಧ್ಯ ಎನ್ನುತ್ತಾಳೆ. ಅಂದಿನ ಕ್ಯಾಂಡರ್ ಎಂದರೇನು ಎಂಬುದು ಆ ಮಾತಿನಲ್ಲೇ ಪೂರ್ತಿ ಇದೆ. ಇವತ್ತಿನ ‘ಕ್ಯಾಂಡಿಡ್’ ಮನುಷ್ಯ ಇದಕ್ಕೆ ಹೆಚ್ಚುಕಡಿಮೆ ವಿರುದ್ಧ: ಇದ್ದದ್ದನ್ನು ಇದ್ದಹಾಗೆ ಮುಖಕ್ಕೇ ಹೇಳುವವನು. ಕಾಂಡಿಸೆನ್ಷನ್‌ನ ಅಣ್ಣತಮ್ಮಂದಿರು ಆ ಪುಸ್ತಕದಲ್ಲಿ ಇನ್ನೂ ಇದ್ದಾರೆ. ‘ಕಂಪ್ಲೇಸೆನ್ಸಿ’ ಆಗ ಸಂತೃಪ್ತಿ, ಈಗ ಎಚ್ಚರಗೇಡಿ ಆತ್ಮತೃಪ್ತಿ. ‘ಅಡ್ರೆಸ್’ ಎಂದರೆ ಅಲ್ಲಿ ಮಾತುಕತೆಯ ಠೀವಿಯೂ ಹೌದು.

ಹಾಗಾದರೆ ಆ ಸಾವಿರ ಪದಗಳನ್ನು ಏನು ಮಾಡುವುದು? ಒಂದು ಭಾನುವಾರ ಕೂತು ಸೋಸಿ. ಕಲಿಯುವವರಿಗೆಂದೇ ಮಾಡಿದ ನಿಘಂಟುಗಳು ಆಕ್ಸ್‌ಫರ್ಡ್, ಕೇಂಬ್ರಿಜ್, ಲಾಂಗ್‌ಮನ್‌ನವರದ್ದು ಇವೆ, ಆನ್‌ಲೈನ್‌ನಲ್ಲಿ ಉಚಿತ. ಸುಲಭ ಇಂಗ್ಲಿಷ್‌ನಲ್ಲೇ ಅರ್ಥ ಕೊಟ್ಟು, ಪದ ಹಳತಾಗಿದೆಯೇ, ಔಪಚಾರಿಕವೇ, ಸಾಹಿತ್ಯದಲ್ಲಿ ಮಾತ್ರ ಬಳಕೆಯೇ, ತೆಗಳಿಕೆಗೆ ಬಳಸುತ್ತಾರೆಯೇ ಎಂದು ಪಕ್ಕದಲ್ಲೇ ಗುರುತು ಹಾಕಿರುತ್ತಾರೆ. ಇಂಗ್ಲಿಷ್–ಕನ್ನಡ ನಿಘಂಟನ್ನು ಬಿಸಾಡಬೇಡಿ. ಮೈಸೂರು ವಿಶ್ವವಿದ್ಯಾಲಯದ್ದು 1946ರಲ್ಲಿ ಬಂದದ್ದು, ಹಳೆಯ ಸಾಹಿತ್ಯ ಓದುವಾಗ ಈಗಲೂ ಒಳ್ಳೆಯ ಜೊತೆಗಾರ. ಆದರೆ ಇವತ್ತು ಮೇಲ್‌ನಲ್ಲಿ ಹಾಕಬಹುದೇ ಎಂಬ ತೀರ್ಪು ಕೇಳಬೇಕಾದ್ದು ಹೊಸ ನಿಘಂಟಿನ ಹತ್ತಿರ. ‘ಫೆಲಿಸಿಟಿ’, ‘ಪ್ರೊಡಿಜಿಯಸ್’ ತರಹದವು ಓದಿದರೆ ತಿಳಿಯಲಿ, ಅಷ್ಟೇ ಸಾಕು. ಅರ್ಥ ಬದಲಾದವನ್ನು ಕೆಂಪು ಶಾಯಿಯಲ್ಲಿ ಬೇರೆ ಬರೆದಿಡಿ. ಆಗಲೂ ಈಗಲೂ ಒಂದೇ ಅರ್ಥದಲ್ಲಿ ಬದುಕಿರುವವು ಉಳಿಯುತ್ತವಲ್ಲ, ಕಲಿಯಬೇಕಾದ್ದು ಅವನ್ನು. ಸಾವಿರದಲ್ಲಿ ನೂರೈವತ್ತು, ಇನ್ನೂರು ಉಳಿದರೆ ಹೆಚ್ಚು.

ಅಂಥ ಒಂದನ್ನು ನಾನು ಹೇಗೆ ಬರೆದುಕೊಳ್ಳಲು ಹೇಳುತ್ತೇನೆ ತೋರಿಸುತ್ತೇನೆ. 11ನೇ ಅಧ್ಯಾಯದಲ್ಲಿ ‘ಇಂಪ್ಲ್ಯಾಕಬಲ್’ ಬರುತ್ತದೆ. ನಿಮ್ಮಲ್ಲಿ ಬಹುಶಃ ‘ಸಮಾಧಾನಪಡಿಸಲಾಗದ’ ಎಂದಿರಬೇಕು. ಈಗ ಆ ಪುಟಕ್ಕೆ ಹಿಂದಿರುಗಿ. ಕಥಾನಾಯಕ ಡಾರ್ಸಿ ತನ್ನ ಸ್ವಭಾವ ಹೇಳಿಕೊಳ್ಳುತ್ತಿದ್ದಾನೆ: ಇತರರು ಮಾಡಿದ ತಪ್ಪನ್ನು ಬೇಗ ಮರೆಯಲಾರೆ, ಒಬ್ಬರ ಬಗ್ಗೆ ನನ್ನ ಒಳ್ಳೆಯ ಅಭಿಪ್ರಾಯ ಒಮ್ಮೆ ಹೋದರೆ ಹೋದಂತೆಯೇ. ಅದಕ್ಕೆ ಎಲಿಜಬೆತ್ ಪಟ್ಟನೆ, ಹಾಗಾದರೆ ಅದು ದೋಷವೇ ಸರಿ, ಇಂಪ್ಲ್ಯಾಕಬಲ್ ರಿಸೆಂಟ್‌ಮೆಂಟ್ ಮನುಷ್ಯನ ಗುಣಕ್ಕೆ ಹಿಡಿದ ಮಬ್ಬು ಎನ್ನುತ್ತಾಳೆ. ಇಷ್ಟನ್ನು ಬರೆದುಕೊಳ್ಳಿ: ಹೇಳಿದ್ದು ಎಲಿಜಬೆತ್, ಡಾರ್ಸಿಗೆ, ಚುಚ್ಚುತ್ತ. ಯಾವುದರ ಜೊತೆ ಬಂತು? ರಿಸೆಂಟ್‌ಮೆಂಟ್ ಜೊತೆ, ಅಂದರೆ ಒಳಗೇ ಇಟ್ಟುಕೊಂಡ ಸಿಟ್ಟು. ನೀವು ಇನ್ನೆರಡು ಅಧ್ಯಾಯ ಓದಿದರೆ 16ರಲ್ಲಿ ಎಲಿಜಬೆತ್, ಡಾರ್ಸಿಯ ಮೇಲೆ ಮುನಿಸಿರುವ ಸೇನಾಧಿಕಾರಿ ವಿಕಮ್‌ನ ಜೊತೆ ಮಾತಾಡುತ್ತ ಇದೇ ಪದವನ್ನು ‘ಇಂಪ್ಲ್ಯಾಕಬಿಲಿಟಿ’ ಎಂಬ ರೂಪದಲ್ಲಿ ಎತ್ತುತ್ತಾಳೆ, ಮರುಗಳಿಗೆಯಲ್ಲೇ ‘ಕ್ಷಮಿಸದ ಸ್ವಭಾವ’ ಎಂದು ತಾನೇ ಬಿಡಿಸಿಯೂ ಹೇಳುತ್ತಾಳೆ. 18ರಲ್ಲಿ ಡಾರ್ಸಿಯ ಮುಖಕ್ಕೇ ಅದೇ ಆರೋಪವನ್ನು ‘ಅನ್‌ಅಪೀಸಬಲ್’ ಎಂಬ ಇನ್ನೊಂದು ಪದದಲ್ಲಿ ಎಸೆಯುತ್ತಾಳೆ. ಒಂದೇ ಭಾವಕ್ಕೆ ಮೂರು ಭೇಟಿ, ಮೂರಕ್ಕೂ ಕಥೆಯ ಬಿಸಿ ಇದೆ. ಇಂಥ ಪದವನ್ನು ಮರೆಯುವುದೇ ಕಷ್ಟ.

ಆಮೇಲೆ ಹೊಸ ನಿಘಂಟು ತೆಗೆದು ಇವತ್ತು ಇದು ಯಾರ ಜೊತೆ ಓಡಾಡುತ್ತದೆ ನೋಡಿ: ಶತ್ರು, ವಿರೋಧ, ದ್ವೇಷ. ಪತ್ರಿಕೆಯ ಸಂಪಾದಕೀಯದಲ್ಲಿ ರಾಜಕಾರಣಿಯೊಬ್ಬ ಮತ್ತೊಬ್ಬನ ಇಂಪ್ಲ್ಯಾಕಬಲ್ ವಿರೋಧಿ ಆಗಿರುತ್ತಾನೆ. ಬಾಸ್‌ಗೆ ಬೆಳಿಗ್ಗೆ ಬಂದು ಮಧ್ಯಾಹ್ನ ಇಳಿದ ಕೋಪಕ್ಕೆ ಇದು ಹೊಂದುವುದಿಲ್ಲ. ಕೊನೆಗೆ ನಿಮ್ಮದೇ ಬದುಕಿನ ಒಂದು ವಾಕ್ಯ ಬರೆಯಿರಿ. ಬದುವಿನ ಜಗಳದಲ್ಲಿ ಮಾತು ಬಿಟ್ಟು, ತಮ್ಮನ ಮಗಳ ಮದುವೆಗೂ ಬಾರದ ದೊಡ್ಡಪ್ಪ ಪ್ರತಿ ಊರಿನಲ್ಲೂ ಒಬ್ಬರಿದ್ದಾರೆ. ‘ಮೈ ಅಂಕಲ್ ರಿಮೇನ್ಡ್ ಇಂಪ್ಲ್ಯಾಕಬಲ್’ ಎಂದರೆ ಮುಗಿಯಿತು. ಅಧ್ಯಾಯಕ್ಕೆ ಇಂಥ ಐದು ಪದ ಸಾಕು. ಕಾದಂಬರಿಯಲ್ಲಿ 61 ಅಧ್ಯಾಯಗಳಿವೆ, ಲೆಕ್ಕ ಹಾಕಿದರೆ ಮುನ್ನೂರು ದಾಟುತ್ತದೆ. ಐಇಎಲ್‌ಟಿಎಸ್‌ಗೆ ಅದು ಕಡಿಮೆಯೇನಲ್ಲ.

ಮುಂದಿನ ದಾರಿ ಯಾವುದು? ಇದೇ ಕಾದಂಬರಿ ಮುಂದುವರಿಸಬಹುದು. ಹಾಗಿದ್ದರೆ ಕಥೆಯನ್ನು ಮೊದಲೇ ತಿಳಿದುಕೊಳ್ಳಿ, 1995ರ ಬಿಬಿಸಿ ಧಾರಾವಾಹಿಯನ್ನೋ 2005ರ ಸಿನಿಮಾವನ್ನೋ ನೋಡಿದರೂ ಆಯಿತು. ಅಧ್ಯಾಯವನ್ನು ಮೊದಲ ಸಲ ನಿಘಂಟು ಮುಟ್ಟದೆ ಓದಿ, ಎರಡನೇ ಸಲ ಐದು ಪದ ಆರಿಸಿ. ಅಪಾಯ ಈಗಾಗಲೇ ನಿಮಗೆ ಗೊತ್ತಿದೆ. ಅದಕ್ಕಿಂತ ದೊಡ್ಡ ಅಪಾಯವೆಂದರೆ ತಾಳ್ಮೆ ತೀರಿ ಪುಸ್ತಕ ಮೂಲೆ ಸೇರುವುದು. ನನ್ನ ಬಳಿ ಬರುವವರಲ್ಲಿ ಹಳೆಯ ಕ್ಲಾಸಿಕ್ ಹಿಡಿದವರ ಪುಟಗುರುತು ಬಹುತೇಕ ಮೊದಲ ಕಾಲುಭಾಗದಲ್ಲೇ ನಿಂತಿರುತ್ತದೆ.

ಸರಳೀಕರಿಸಿದ ಶ್ರೇಣಿಯ ಪುಸ್ತಕಗಳಿವೆ, ಗ್ರೇಡೆಡ್ ರೀಡರ್ಸ್ ಅನ್ನುತ್ತಾರೆ. ‘ಮಕ್ಕಳ ಪುಸ್ತಕ ಓದಲಾ?’ ಎಂದು ದೊಡ್ಡವರು ಮುಖ ಸಿಂಡರಿಸುತ್ತಾರೆ. ಈ ಕಲ್ಪನೆ ಗಟ್ಟಿಯಾಗಿ ರೂಪುಗೊಂಡಿದ್ದು ನಮ್ಮ ಉಪಖಂಡದಲ್ಲೇ: 1920ರ ದಶಕದಲ್ಲಿ ಢಾಕಾದಲ್ಲಿದ್ದ ಇಂಗ್ಲಿಷ್ ಶಿಕ್ಷಣತಜ್ಞ ಮೈಕಲ್ ವೆಸ್ಟ್, ಬಂಗಾಳದ ವಿದ್ಯಾರ್ಥಿಗಳು ಕಷ್ಟಪದಗಳ ರಾಶಿಯಲ್ಲಿ ಸಿಕ್ಕಿ ಓದುವುದನ್ನೇ ಬಿಡುತ್ತಿದ್ದುದನ್ನು ಕಂಡು, ಪದಗಳಿಗೆ ಮಿತಿ ಹಾಕಿದ ವಾಚಕಗಳನ್ನು ಸಿದ್ಧಪಡಿಸಿದರು. ಇವುಗಳಿಂದ ಓದಿನ ವೇಗ ಬರುತ್ತದೆ, ದೊಡ್ಡ ಪದ ಅಷ್ಟಾಗಿ ಬರುವುದಿಲ್ಲ. ನಿಮ್ಮ ಮಟ್ಟಕ್ಕೆ ಮೇಲ್ತರಗತಿಯ ಒಂದೆರಡು ಓದಿದರೆ ಸಾಕು.

ಕನ್ನಡಿಗರಿಗೆ ಇರುವ ಒಂದು ಸೌಕರ್ಯವನ್ನು ಹೆಚ್ಚಿನವರು ಬಳಸಿಕೊಳ್ಳುವುದಿಲ್ಲ. ನೀವು ಕನ್ನಡದಲ್ಲಿ ಈಗಾಗಲೇ ಓದಿರುವ ಕಾದಂಬರಿಯನ್ನು ಇಂಗ್ಲಿಷ್ ಅನುವಾದದಲ್ಲಿ ಓದಿ. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಎ.ಕೆ. ರಾಮಾನುಜನ್ 1976ರಲ್ಲಿ ಇಂಗ್ಲಿಷಿಗೆ ತಂದರು. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಅನ್ನು ಶ್ರೀನಾಥ್ ಪೇರೂರ್ ಮಾಡಿದ್ದಾರೆ. ಎರಡನೆಯದು ತೀರ ಚಿಕ್ಕದು, ಇವತ್ತಿನ ಬೆಂಗಳೂರಿನದು, ಇವತ್ತಿನ ಇಂಗ್ಲಿಷ್‌ನಲ್ಲಿದೆ. ಮನೆ, ಊರು, ಮಾತಿನ ಒಳಸುಳಿ ಎಲ್ಲ ಗೊತ್ತಿರುವುದರಿಂದ ಹೊಸ ಪದ ಬಂದಾಗ ಅದರ ಸ್ಥಾನ ಮನಸ್ಸಿನಲ್ಲಿ ಮೊದಲೇ ಸಿದ್ಧವಾಗಿರುತ್ತದೆ. ತೊಡಕೂ ಇದೆ. ಅನುವಾದಕರು ಕನ್ನಡದ ಲಯವನ್ನು, ಕೆಲವು ಕನ್ನಡ ಪದಗಳನ್ನು ಬೇಕೆಂದೇ ಉಳಿಸಿಕೊಂಡಿರುತ್ತಾರೆ, ಅದನ್ನು ಹಾಗೇ ಎತ್ತಿ ಆಫೀಸಿನ ವರದಿಗೆ ಹಾಕಲಾಗದು. ನನ್ನನ್ನು ಕೇಳಿದರೆ ಈ ಆರು ತಿಂಗಳಿಗೆ ಇಂಥದ್ದೊಂದು ಮೊದಲು ಮುಗಿಸಿ, ಆಮೇಲೆ ಬಿಡುವಾಗಿ ಆಸ್ಟೆನ್‌ಗೆ ಮರಳಿ.

ಗೆಳತಿಯ ಪಟ್ಟಿಯನ್ನು ನಾನು ಸುಮ್ಮನೆ ತಳ್ಳಿಹಾಕುವುದಿಲ್ಲ. ಚೀಟಿಯ ಒಂದು ಮಗ್ಗುಲಿಗೆ ಪದ, ಇನ್ನೊಂದು ಮಗ್ಗುಲಿಗೆ ಅರ್ಥ ಬರೆದು, ಮರೆಯುವ ಹೊತ್ತಿಗೆ ಮತ್ತೆ ನೋಡುವ ಕ್ರಮದಿಂದ ಪದ ಗುರುತು ಹಿಡಿಯುವುದು ಓದಿಗಿಂತ ಬೇಗ ಬರುತ್ತದೆ. ‘ಆಂಕಿ’ (Anki) ತರಹದ ಮೊಬೈಲ್ ಆ್ಯಪ್‌ಗಳು ಅಂತರ ಲೆಕ್ಕ ಹಾಕಿ ತೋರಿಸುತ್ತವೆ. ಮೇಲೆ ಹೇಳಿದ ಉಳಿದ ಒಂಬತ್ತು ಭೇಟಿಗಳಿಗೆ ಇದೇ ದಾರಿ. ಆದರೆ ಚೀಟಿಗೆ ನಿಮ್ಮ ಪದ ಹಾಕಿ, ಅದು ಬಂದ ವಾಕ್ಯದ ಸಮೇತ. ನಿಮ್ಮ ಗೆಳತಿಯದು ಬಹುಶಃ ಜಿಆರ್‌ಇಯ, ಅಂದರೆ ವಿದೇಶದಲ್ಲಿ ಉನ್ನತ ವ್ಯಾಸಂಗಕ್ಕೆ ಬರೆಯುವ ಪ್ರವೇಶ ಪರೀಕ್ಷೆಯ, ಹಳೆಯ ಪಟ್ಟಿ ಇರಬೇಕು. ವಿರುದ್ಧಪದ ಕೇಳುವ ಪ್ರಶ್ನೆಗಳನ್ನು ಆ ಪರೀಕ್ಷೆಯೇ 2011ರಲ್ಲಿ ಕೈಬಿಟ್ಟಿತು, ಪಟ್ಟಿಗಳು ಮಾತ್ರ ಜೆರಾಕ್ಸ್ ಅಂಗಡಿಗಳಲ್ಲಿ ಇನ್ನೂ ಜೀವಂತ. ಐಇಎಲ್‌ಟಿಎಸ್‌ಗೆ ಭಾಷಾತಜ್ಞೆ ಎವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ 570 ಪದಕುಟುಂಬಗಳ ಅಕಾಡೆಮಿಕ್ ಪಟ್ಟಿ ಸಾಕು. ಅಲೊಕೇಟ್, ಫ್ಲಕ್ಚುಯೇಟ್, ರಿಲಕ್ಟೆನ್ಸ್‌ನಂಥ ಪದಗಳು ಅವು, ನಿಮ್ಮ ಲೆಕ್ಕಪತ್ರದ ಕೆಲಸಕ್ಕೂ ಒದಗುತ್ತವೆ. ಒಂದು ಎಚ್ಚರಿಕೆ: ‘ಹ್ಯಾಪಿ’ಗೆ ಸಮಾನವಾದ ಎಂಟು ಪದಗಳನ್ನು ಒಟ್ಟಿಗೆ ಕಲಿಯುವ ಚಾಳಿ ನಮ್ಮಲ್ಲಿದೆ. ಹತ್ತಿರದ ಅರ್ಥದವನ್ನು ಒಂದೇ ದಿನ ಕಲಿತರೆ ಅವು ಒಂದಕ್ಕೊಂದು ತಳಕು ಹಾಕಿಕೊಂಡು ನೆನಪು ಕೆಡುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಅಂತರವಿಟ್ಟು ಕಲಿಯಿರಿ.

ಐಇಎಲ್‌ಟಿಎಸ್ ಪರೀಕ್ಷೆಯ ಬರವಣಿಗೆಯಲ್ಲಿ ಪದಬಳಕೆಗೆ ನಾಲ್ಕನೇ ಒಂದು ಭಾಗದ ತೂಕವಿದೆ, ಮಾತಿನ ಭಾಗದಲ್ಲೂ ಅಷ್ಟೇ. ಅಲ್ಲಿ ನೋಡುವುದು ಪದ ಎಷ್ಟು ದೊಡ್ಡದು ಎಂದಲ್ಲ. ಅಪರೂಪದ ಪದವನ್ನು ಅದರ ಶೈಲಿ, ಜೊತೆಪದ ಅರಿತು ಬಳಸಿದ್ದೀರಾ ಎಂದು. ಜೊತೆಪದ ಎಂದಾಗ ನಮ್ಮ ಕನ್ನಡ ನಡುವೆ ತಲೆ ಹಾಕುತ್ತದೆ. ನಾವು ತಪ್ಪು ‘ಮಾಡು’ತ್ತೇವೆ, ಊಟ ‘ಮಾಡು’ತ್ತೇವೆ, ಮದುವೆಯನ್ನೂ ‘ಮಾಡು’ತ್ತೇವೆ. ಹಾಗಾಗಿ ‘ಡೂ ಮಿಸ್ಟೇಕ್’ ಎಂದು ಬಾಯಿ ತಪ್ಪುತ್ತದೆ, ಅಲ್ಲಿ ಬೇಕಾದ್ದು ‘ಮೇಕ್’. ಪರೀಕ್ಷಕರ ಕಣ್ಣಿಗೆ ಇದು ದೊಡ್ಡ ಪದ ಗೊತ್ತಿಲ್ಲದಿರುವುದಕ್ಕಿಂತ ಬೇಗ ಬೀಳುತ್ತದೆ.

ಕನ್ನಡ ಮಾಧ್ಯಮದ ಮಾತು. ನಿಮಗೆ ಕಡಿಮೆಯಾಗಿರುವುದು ಇಂಗ್ಲಿಷ್ ಜೊತೆಗಿನ ಒಡನಾಟದ ಗಂಟೆಗಳು. ಪದದ ಅಂತಸ್ತು ಅಳೆಯುವ ಕಿವಿ ನಿಮಗೆ ಚೆನ್ನಾಗಿಯೇ ಇದೆ, ಅದು ಕನ್ನಡದಿಂದ ಬಂದದ್ದು. ನೀರಿನ ಬಿಲ್ಲು ಬರುವುದು ಜಲಮಂಡಳಿಯಿಂದ, ಆದರೆ ಹೋಟೆಲಿನಲ್ಲಿ ಒಂದು ಲೋಟ ಜಲ ಕೊಡಿ ಎಂದು ಕೇಳಿದರೆ ಮಾಣಿ ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾನೆ. ಸತ್ತ, ತೀರಿಕೊಂಡರು, ನಿಧನರಾದರು, ಲಿಂಗೈಕ್ಯರಾದರು: ಯಾವುದನ್ನು ಯಾರಿಗೆ ಹೇಳಬೇಕೆಂದು ನಿಮಗೆ ಯಾರೂ ಪಟ್ಟಿ ಕೊಟ್ಟು ಕಲಿಸಲಿಲ್ಲ. ಇಂಗ್ಲಿಷ್‌ನಲ್ಲೂ ಇದೇ ತರಹ ಪದರಗಳಿವೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಅರಮನೆ, ನ್ಯಾಯಾಲಯಗಳ ಭಾಷೆ ಫ್ರೆಂಚ್ ಆಯಿತು, ಚರ್ಚಿನದು ಲ್ಯಾಟಿನ್ ಇದ್ದೇ ಇತ್ತು. ಮನೆಯ ಮಾತು ‘ಆಸ್ಕ್’ ಆಗಿ ಉಳಿದರೆ ಫ್ರೆಂಚಿನಿಂದ ‘ಕ್ವೆಶ್ಚನ್’ ಬಂತು, ಲ್ಯಾಟಿನ್‌ನಿಂದ ‘ಇಂಟರಾಗೇಟ್’. ಸಹೋದ್ಯೋಗಿಯನ್ನು ನೀವು ‘ಆಸ್ಕ್’ ಮಾಡುತ್ತೀರಿ, ಪೊಲೀಸರು ಆರೋಪಿಯನ್ನು ‘ಇಂಟರಾಗೇಟ್’ ಮಾಡುತ್ತಾರೆ. ಹೊಸ ಪದ ಸಿಕ್ಕಾಗ, ಇದು ನೀರಿನ ಸಾಲಿನದೋ ಜಲದ ಸಾಲಿನದೋ ಎಂದು ಕೇಳಿಕೊಳ್ಳಿ. ಮೀಟಿಂಗಿನಲ್ಲಿ ನಿಮ್ಮ ‘ಗುಡ್’ ಅನೇಕ ಕಡೆ ಸರಿಯಾದ ಪದವೇ ಆಗಿರುತ್ತದೆ, ಅದನ್ನೆಲ್ಲ ಬದಲಿಸಲು ಹೋಗಬೇಡಿ.

ನೀವು ಕೇಳದ ಒಂದು ಸಂಗತಿ ಹೇಳಬೇಕು, ಓದಿನಿಂದಲೇ ಪದ ಕಲಿಯುವವರಿಗೆಲ್ಲ ಕಾಡುವಂಥದ್ದು. ಕಣ್ಣಿಗೆ ಗೊತ್ತಾದ ಪದ ಕಿವಿಗೆ ಗೊತ್ತಿರುವುದಿಲ್ಲ. ನಾವು ಕನ್ನಡದವರು ಬರೆದಂತೆ ಓದುವವರು. ‘ಡೆಟ್’ ನಮ್ಮ ಬಾಯಲ್ಲಿ ‘ಡೆಬ್ಟ್’ ಆಗುತ್ತದೆ, ‘ರಿಸೀಟ್’ ‘ರಿಸಿಪ್ಟ್’ ಆಗುತ್ತದೆ, ‘ಡಿಟರ್ಮಿನ್’ ‘ಡಿಟರ್‌ಮೈನ್’ ಆಗುತ್ತದೆ. ಮೊದಲೆರಡು ನಿಮ್ಮ ಕೆಲಸದಲ್ಲಿ ದಿನಾ ಬರುವವು. ಉಚ್ಚಾರವನ್ನು ನೋಟ್‌ಬುಕ್ಕಿನಲ್ಲಿ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಬಹುದು, ತಪ್ಪೇನಿಲ್ಲ, ಆದರೆ ಕೇಳಿದ ಮೇಲೆ ಬರೆಯಿರಿ, ಕಾಗುಣಿತ ನೋಡಿ ಊಹಿಸಿ ಬರೆಯಬೇಡಿ. ಆನ್‌ಲೈನ್ ನಿಘಂಟಿನಲ್ಲಿ ಸ್ಪೀಕರ್ ಗುರುತು ಒತ್ತಿದರೆ ಪದ ಕೇಳಿಸುತ್ತದೆ. ಆಸ್ಟೆನ್ ಕಾದಂಬರಿಗೆ ಹಕ್ಕುಸ್ವಾಮ್ಯ ಇಲ್ಲದಿರುವುದರಿಂದ ಲಿಬ್ರಿವಾಕ್ಸ್ ಎಂಬ ಜಾಲತಾಣದಲ್ಲಿ ಅದರ ಧ್ವನಿಮುದ್ರಣ ಪುಕ್ಕಟೆ ಸಿಗುತ್ತದೆ, ಮೆಟ್ರೋದಲ್ಲಿ ಹೋಗುವಾಗ ಕೇಳಬಹುದು. ಓದಿರುವವರು ಸ್ವಯಂಸೇವಕರು, ಎಲ್ಲರ ಓದು ಒಂದೇ ಮಟ್ಟದ್ದಲ್ಲ. ಐದು ನಿಮಿಷ ಕೇಳಿ, ದನಿ ಹಿಡಿಸದಿದ್ದರೆ ಅದೇ ಪುಸ್ತಕದ ಬೇರೆಯವರ ಓದು ಹುಡುಕಿಕೊಳ್ಳಿ.